ಅಟ್ಟದ ಕಾಯಿ

ಅಂಗೈ ನಡುಗಿತು. ಅದು ಅಕ್ಕನದೋ ತನ್ನದೋ ಎಂದು ಸದಾಶಿವಯ್ಯನಿಗೆ ಕೂಡಲೇ ತಿಳಿಯಲಿಲ್ಲ.

ಅಕ್ಕನ ಎಡಗೈ ಅವನ ಎಡಗೈ ಮೇಲಿತ್ತು. ಅವಳ ಅಂಗೈಯಲ್ಲಿ ಅವಳ ಇಷ್ಟಲಿಂಗ. ಕೀಲುವಾತಕ್ಕೆ ಸಿಕ್ಕು ಬೆರಳುಗಳೆಲ್ಲ ಒಂದೇ ಕಡೆಗೆ ವಾಲಿಕೊಂಡ ಮೇಲೆ ಆ ಕೈಯಲ್ಲಿ ಲಿಂಗ ನಿಲ್ಲುತ್ತಿರಲಿಲ್ಲ. ಜಾರಿ ಬಿದ್ದೀತೆಂಬ ಭಯಕ್ಕೆ ಕೆಳಗಿನಿಂದ ಆಸರೆ ಕೊಡುವುದು ಅವನ ಬೆಳಗಿನ ಕೆಲಸ. ಅವಳ ಲಿಂಗವನ್ನು ಅವನು ಮುಟ್ಟುವಂತಿಲ್ಲ. ಅವಳ ಕೈಯನ್ನು ಮುಟ್ಟಬಹುದು. ಹಾಗಾಗಿ ಪೂಜೆ ಮುಗಿಯುವ ತನಕ ಕೈಯ ಕೆಳಗೊಂದು ಕೈಯಾಗಿ, ಮಿಕ್ಕಂತೆ ಇಲ್ಲದವನಾಗಿ ಕೂತಿರಬೇಕು. ಇಲ್ಲದವನಾಗಿ ಕೂರುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಅಕ್ಕ ಕಣ್ಣು ತೆರೆದಳು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಹಾಕಿಕೊಳ್ಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅದರಲ್ಲಿ ಅವನು ಕೈಹಾಕುವಂತಿರಲಿಲ್ಲ. ನೋಡುತ್ತಿದ್ದ.

"ಇವತ್ತಲ್ವೇನೋ ಗಿರಿಜ ಫೋನ್ ಮಾಡದು?" ಎಂದಳು ಅಕ್ಕ.

"ಹೂಂ."

"ಏನಂತೀಯ?"

"ನೀನೇನಂತೀಯ?"

"ನಾನೇನನ್ಲಿ. ನಿಂಗೆ ಹೆಂಗೆ ಅನುಕೂಲವೋ ಹಂಗೆ."

"ನನ್ನ ಅನುಕೂಲದ ಮಾತಲ್ಲ ಅಕ್ಕ, ನಿನ್ನ ಅನುಕೂಲ."

"ನಂದೇನೈತಪ್ಪ. ಇಲ್ಲಿ ಮಲಗಿದ್ರೂ ಅಷ್ಟೇಯ, ಅಲ್ಲಿ ಮಲಗಿದ್ರೂ ಅಷ್ಟೇಯ."

ಇಬ್ಬರೂ ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

ಗಿರಿಜಾಂಬಿಕಾ ಇವರಿಬ್ಬರ ತಂಗಿ. ನೊಣವಿನಕೆರೆಗೆ ಕೊಟ್ಟಿದೆ. ಭಾನುವಾರ ಬಂದು ನಡುಮನೆಯಲ್ಲಿ ಕೂತು, ಅತ್ತೆ ತೀರಿಕೊಂಡರು, ಅವರ ಕೋಣೆ ಖಾಲಿಯಾಯಿತು, ಅಕ್ಕನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದ್ದಳು. "ಇಷ್ಟು ವರ್ಷ ನೀನು ನೋಡ್ಕಂಡೆ ಕಣಣ್ಣ. ಇನ್ನ ನಾನು ನೋಡ್ಕತೀನಿ. ನೀನೂ ಒಸಿ ಮನುಷ್ಯ ಆಗು." ಅಕ್ಕ, ಅವನು ಹೇಳಿದಂಗೆ ಎಂದಳು. ಅವನು, ನೋಡೋಣ ಎಂದ. ಬುಧವಾರ ಪೋಸ್ಟಾಫೀಸಿನಿಂದ ಫೋನ್ ಮಾಡುತ್ತೇನೆ, ಹೆಂಗಿದ್ದರೂ ಎಕ್ಸ್‌ಚೇಂಜಿನಲ್ಲಿ ನೀನೇ ಕೂತಿರುತ್ತೀಯಲ್ಲ, ಅಷ್ಟರಲ್ಲಿ ಅಕ್ಕನನ್ನು ಕೇಳಿ ಇಟ್ಟಿರು ಎಂದು ಹೇಳಿ ತಂಗಿ ಸಂಜೆ ಬಸ್ಸಿಗೆ ಹೋದಳು.

ಭಾನುವಾರದಿಂದ ಇವತ್ತಿನ ತನಕ ಅವನು ಅಕ್ಕನನ್ನು ಕೇಳಿರಲಿಲ್ಲ. ಈಗ ಕೇಳಿದಂತೆ ಆಯಿತು. ಕೇಳದಂತೆಯೂ ಆಯಿತು.

ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅಟ್ಟದ ಕಡೆ ನೋಡಿದ. ಅಕ್ಕನ ಮಂಚದ ನೇರಕ್ಕೆ, ಅಡಿಕೆ ದಬ್ಬೆ ಹೊಡೆದ ಅಟ್ಟ. ಅದರ ಮೇಲೆ ಹೋದ ವರ್ಷದ ತೆಂಗಿನಕಾಯಿ, ಸಿಪ್ಪೆ ಸುಲಿಯದೆ ಹಾಗೇ ಪೇರಿಸಿದ್ದು. ಹಿತ್ತಲ ಆಚೆಗಿನ ತುಂಡು ತೋಟದ ಫಸಲು ಅಷ್ಟೂ ಅಲ್ಲೇ ಕೂತು ಒಣಗುತ್ತಿತ್ತು. ಮೊದಮೊದಲು ಅಲ್ಲಾಡಿಸಿದರೆ ನೀರು ತುಳುಕುತ್ತದೆ. ನೀರು ಇಂಗುತ್ತ ಬಂದಾಗ ಸದ್ದಡಗುತ್ತದೆ. ಕೊನೆಗೆ ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು, ಒಳಗೇ ಉಂಡೆಯಾಗಿ ಲೊಟಲೊಟ ಎನ್ನುತ್ತದೆ. ಆಗ ಇಳಿಸಬೇಕು. ಮೊದಲೇ ಇಳಿಸಿದರೆ ಒಡೆಯುವಾಗ ಚೂರಾಗುತ್ತದೆ. ತಡಮಾಡಿದರೆ ಒಳಗೊಳಗೇ ಕಮಟು ಹಿಡಿಯುತ್ತದೆ. ಅದನ್ನು ಹೇಳುವವಳು ಅಕ್ಕ. ಅವಳ ಕೈಗೆ ಕಾಯಿ ಎತ್ತುವುದು ಆಗದಾದ ಮೇಲೆ ಅವನು ಒಂದನ್ನು ಇಳಿಸಿ ಅವಳ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಅವಳು ಕೇಳಿ ಹೇಳುತ್ತಿದ್ದಳು. ಒಂದು ವರ್ಷ ಅವಳನ್ನು ಕೇಳದೆ ಇಳಿಸಿಬಿಟ್ಟು ಅರ್ಧಕ್ಕರ್ಧ ಚೂರಾಗಿತ್ತು. ಅಲ್ಲಿಂದ ಈಚೆಗೆ ಅವನು ತನ್ನ ಕಿವಿಯನ್ನು ನಂಬುವುದು ಬಿಟ್ಟಿದ್ದ.

"ಬರ್ತೀನಿ ಅಕ್ಕ."

"ಊಟ ಹೊತ್ತಿಗೆ ಸರಿಯಾಗಿ ಮಾಡು."

ಹಗಲು ಹೊತ್ತು ಅಕ್ಕನನ್ನು ನೋಡಿಕೊಳ್ಳುವ ರಂಗಕ್ಕ ಬಾಗಿಲಲ್ಲಿ ಎದುರಾದಳು. "ಏನ್ ಸದಾಶಿವಣ್ಣ, ನಾಳಿಕ್ಕೆ ನಂಗೆ ರಜವೋ ಏನು?" ಎಂದು ನಕ್ಕಳು. ಅವನು ಸೈಕಲ್ಲಿನ ಗಾಳಿ ಒತ್ತಿ ನೋಡಿದ. ಗಾಳಿ ಸರಿಯಾಗಿತ್ತು. ಇನ್ನೊಂದು ಚಕ್ರವನ್ನೂ ಒತ್ತಿ ನೋಡಿದ.

*

ಹರಾಜಿನ ದಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಕೊಬ್ಬರಿ ಮಂಡಿಗಳವರೆಲ್ಲ ಒಟ್ಟಿಗೇ ದೆಹಲಿ ಕೇಳುತ್ತಾರೆ, ಕಾನ್ಪುರ ಕೇಳುತ್ತಾರೆ. ಒಂದೊಂದು ಕರೆ ಬಂದಾಗಲೂ ಬೋರ್ಡಿನ ಮೇಲೆ ಪುಟ್ಟ ಪುಟ್ಟ ಮುಚ್ಚಳಗಳು ಬೀಳುತ್ತಿದ್ದವು. ಸದಾಶಿವಯ್ಯ ಈ ತೂತಿನ ತಂತಿ ಕಿತ್ತು ಆ ತೂತಿಗೆ ಸಿಕ್ಕಿಸುತ್ತಿದ್ದ. ಬಿ.ಎಸ್ಸಿ. ಓದಿದ್ದು ಇದಕ್ಕೇನಾ ಎಂದು ಮೊದಲ ವರ್ಷ ಅನ್ನಿಸಿತ್ತು. ಆಮೇಲೆ ಇದೇ ಸರಿ ಎನ್ನಿಸಿತು. ಮಾತು ತನ್ನ ಮೂಲಕ ಹೋಗುತ್ತದೆ, ತನ್ನನ್ನು ತಾಗುವುದಿಲ್ಲ.

"ಹಲೋ, ಸೇಟ್‌ಜೀ, ಮಾಲು ಬಹುತ್ ಅಚ್ಛಾ ಐತೆ," ಎಂದು ಯಾರೋ ಕಿರುಚುತ್ತಿದ್ದರು.

"ಮೂರು ನಿಮಿಷ ಆಯ್ತು," ಎಂದ ಸದಾಶಿವಯ್ಯ ನಡುವೆ ಬಾಯಿ ಹಾಕಿ.

"ಇನ್ನೊಂದು ಮೂರು ಕೊಡಿ ಸ್ವಾಮಿ, ಈಗಿನ್ನೂ ಯೋಗಕ್ಷೇಮ ಕೇಳ್ತಾವ್ನೆ."

ಸೂಪರ್ವೈಸರ್ ಚಿಕ್ಕಹನುಮಯ್ಯ ಹಿಂದೆ ಬಂದು ನಿಂತರು. ಎಲೆಯಡಿಕೆಯ ವಾಸನೆಯಿಂದಲೇ ಗೊತ್ತಾಗುತ್ತಿತ್ತು.

"ಏನ್ರೀ ಸದಾಶಿವಯ್ಯ, ಬೆಂಗಳೂರಿನ ಟ್ರೈನಿಂಗ್‌ಗೆ ಮತ್ತೆ ಹೆಸರು ಕೇಳವ್ರೆ. ಆರು ತಿಂಗಳು. ಬಂದ ಮೇಲೆ ನನ್ನ ಕುರ್ಚಿ ನಿಮ್ದೇ. ನಿಮ್ಮ ಹೆಸರು ಬರೀಲೋ, ಇಲ್ಲ ನಿಮ್ಮಕ್ಕೋರ ಹೆಸರೂ ಜೊತೇಲಿ ಸೇರಿಸ್ಲೋ?"

"ಸಂಜೆ ಹೇಳ್ತೀನಿ ಸಾರ್."

ಚಿಕ್ಕಹನುಮಯ್ಯ ಜಗಿಯುವುದನ್ನು ನಿಲ್ಲಿಸಿದರು. ಹಿಂದೆ ಕೇಳಿದಾಗಲೆಲ್ಲ 'ಅಕ್ಕನಿಗೆ ಹುಷಾರಿಲ್ಲ ಸಾರ್' ಎಂಬ ಉತ್ತರ ಅಲ್ಲಿಂದಲ್ಲಿಗೇ ಬರುತ್ತಿತ್ತು. "ಓಹೋ," ಎಂದು ಹೇಳಿ ಹೋದರು.

ಸದಾಶಿವಯ್ಯನಿಗೂ ಆಶ್ಚರ್ಯವಾಯಿತು. ಹಾಗಾದರೆ ತಾನು ತೀರ್ಮಾನ ಮಾಡಿಬಿಟ್ಟಿದ್ದೇನೆ ಎಂದುಕೊಂಡ. ಗಿರಿಜ ಕೇಳುತ್ತಾಳೆ. ಹೂಂ, ನಾಳೆ ಬಾ ಎನ್ನುವುದು. ಅಷ್ಟೇ ತಾನೆ? ನಾಲ್ಕು ಅಕ್ಷರ.

ಮಧ್ಯಾಹ್ನ ಊಟಕ್ಕೆ ಎದ್ದಾಗ ಆ ನಾಲ್ಕು ಅಕ್ಷರ ಬಾಯಲ್ಲಿ ಹಿತವಾಗಿಯೇ ಇತ್ತು. ಹೋಟೆಲಿನ ಮೂಲೆಯಲ್ಲಿ ಕೂತು, ಅಕ್ಕ ಇಲ್ಲದ ಮನೆಯನ್ನು ಕಲ್ಪಿಸಿಕೊಂಡ. ಮೊದಲು ಅವಳ ಕೀಲಿಗೆ ಹಚ್ಚುವ ಲಕ್ಕಿಸೊಪ್ಪಿನ ಎಣ್ಣೆಯ ವಾಸನೆ ಹೋಯಿತು. ಆಮೇಲೆ ಮಂಚ ಹೋಯಿತು. ಬೆಳಿಗ್ಗೆ ಎದ್ದ. ಮುಖ ತೊಳೆದ. ಎಡಗೈ ಚಾಚಿದ. ಕೈಯ ಮೇಲೆ ಏನೂ ಇರಲಿಲ್ಲ. ಮುಂದೇನು ಮಾಡುತ್ತೇನೆ ಎಂದು ನೋಡಿದ. ಕಲ್ಪನೆಯ ಸದಾಶಿವಯ್ಯ ನಡುಮನೆಯಲ್ಲಿ ಕೈ ಚಾಚಿಕೊಂಡೇ ನಿಂತಿದ್ದ. ಅವನನ್ನು ಬೆಂಗಳೂರಿಗೆ ಕಳಿಸಿ ನೋಡಿದ. ಅಲ್ಲಿಯೂ ಒಂದು ಕೋಣೆಯಲ್ಲಿ ಹಾಗೇ ನಿಂತ.

"ಸಾರು ಹಾಕ್ಲಾ?" ಎಂದ ಬಡಿಸುವವನು.

"ಸಾಕು."

ತುರುವೇಕೆರೆಯ ಹುಡುಗಿಯೊಬ್ಬಳು ನೆನಪಾದಳು. ಸುವರ್ಣಮ್ಮ, ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಹೆಣ್ಣು ನೋಡಲು ಹೋದಾಗ ಅವನು ಎಲ್ಲರೆದುರಿಗೆ ಅಕ್ಕನ ಕಾಯಿಲೆಯ ವಿಷಯವನ್ನು ವಿವರವಾಗಿ ಹೇಳಿದ್ದ. ಡಾಕ್ಟರು ಹೇಳಿದ ಮಾತನ್ನೂ ಹೇಳಿದ್ದ: ಇದು ಕೊಲ್ಲುವ ಕಾಯಿಲೆಯಲ್ಲ, ವಾಸಿಯಾಗುವ ಕಾಯಿಲೆಯೂ ಅಲ್ಲ. ಹೆಣ್ಣಿನ ಕಡೆಯವರ ಮುಖ ಇಳಿದುಹೋಗಿತ್ತು. ಆ ಹುಡುಗಿ ಮಾತ್ರ ಕಾಫಿ ಲೋಟ ತೆಗೆದುಕೊಳ್ಳುವಾಗ ಮೆಲ್ಲಗೆ, "ಇರ್ಲಿ ಬಿಡಿ. ನಮ್ಮಜ್ಜೀನ ನಾನೇ ನೋಡ್ಕಂಡಿದ್ದೆ," ಎಂದಿದ್ದಳು. ಅವನು ಬೆವರಿಬಿಟ್ಟ. ಊರಿಗೆ ಬಂದು, ಅವರು ಒಪ್ಪಲಿಲ್ಲ ಎಂದ. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನ್ನಿಂದ ನಿನ್ನ ಬಾಳು ಹಾಳಾಯಿತು ಎಂದಳು. ಹಾಗೆಲ್ಲ ಅನ್ನಬೇಡ ಎಂದು ಅವನು ಅವಳನ್ನು ಸಮಾಧಾನಪಡಿಸಿದ. ಆಗ ಅವನ ಮನಸ್ಸು ಎಷ್ಟು ಹಗುರವಾಗಿತ್ತೆಂದರೆ ಸಮಾಧಾನದ ಮಾತುಗಳು ತಾವಾಗಿ ಬಂದವು.

ಎದ್ದು ಕೈ ತೊಳೆದುಕೊಂಡ. ಎಲೆಯಲ್ಲಿ ಅನ್ನ ಹಾಗೇ ಇತ್ತು.

*

ನೊಣವಿನಕೆರೆಯ ಮುಚ್ಚಳ ಬಿತ್ತು.

"ತಿಪಟೂರಾ? ನಿಮ್ ತಂಗಿಯೋರು ಬಂದವ್ರೆ, ಮಾತಾಡಿ," ಎಂದರು ಅಲ್ಲಿನ ಪೋಸ್ಟ್ ಮಾಸ್ತರು.

"ಅಣ್ಣಾ, ಕೇಳುಸ್ತದಾ?"

"ಕೇಳಿಸ್ತಿದೆ."

"ನಾಳೆ ಬೆಳಿಗ್ಗೆಗೆ ಕಾರು ಹೇಳವ್ರೆ ನಮ್ಮನೆಯೋರು. ಬಸ್ಸಲ್ಲಿ ಆಗಲ್ವಲ್ಲ ಅಕ್ಕಂಗೆ. ಕಳುಸ್ತೀಯ ತಾನೇ?"

ಬೋರ್ಡಿನ ಮೇಲೆ ಇನ್ನೊಂದು ಮುಚ್ಚಳ ಬಿತ್ತು. ಅವನು ಅದನ್ನೇ ನೋಡುತ್ತಿದ್ದ.

"ಅಕ್ಕ ಒಪ್ತಿಲ್ಲ ಗಿರಿಜ."

ತನ್ನ ಧ್ವನಿ ಅವನಿಗೇ ಕೇಳಿಸಿತು. ಲೈನ್ ಬಿಜಿ ಇದೆ, ಆಮೇಲೆ ಮಾಡಿ ಎನ್ನುವಾಗ ಇರುತ್ತದಲ್ಲ, ಅದೇ ಧ್ವನಿ.

"ಯಾಕಂತೆ?"

"ಊರು ಬಿಟ್ಟು ಬರಲ್ಲ ಅಂತಾಳೆ."

"ಭಾನುವಾರ ಹಂಗನ್ಲಿಲ್ವಲ್ಲ."

"ನಿನ್ನೆದುರಿಗೆ ಹೆಂಗಂತಾಳೆ."

ಆ ಕಡೆ ಗಾಳಿಯ ಸದ್ದು. ಗಿರಿಜ ಬಾಯಿಗೆ ಸೆರಗು ಅಡ್ಡ ಹಿಡಿದಿರಬೇಕು.

"ನಾನೇ ಬಂದು ಕೇಳ್ಲೇನಣ್ಣ?"

"ಬೇಡ. ಅವಳಿಗೆ ಇನ್ನೂ ಸಂಕಟ ಆಗುತ್ತೆ."

"ನಮ್ಮತ್ತೆ ಮಂಚದ ನವಾರೆಲ್ಲ ಬಿಗಿ ಮಾಡ್ಸಿದ್ದೆ ಕಣಣ್ಣ. ಕಿಟಕಿ ತಾವ ಹಾಕ್ಸಿದ್ದೆ, ರೋಡು ಕಾಣ್ಲಿ ಅಂತ."

"ಮೂರು ನಿಮಿಷ ಆಯ್ತು ಗಿರಿಜ," ಎಂದ ಸದಾಶಿವಯ್ಯ. ಆಗಿರಲಿಲ್ಲ. ತಂತಿ ಕಿತ್ತ.

"ಯಾರ್ರೀ ಅದು?" ಎಂದರು ಚಿಕ್ಕಹನುಮಯ್ಯ.

"ನೊಣವಿನಕೆರೆ ಸಾರ್. ರಾಂಗ್ ನಂಬರ್."

"ಅಲ್ಲಿರದೇ ಒಂದು ಫೋನು, ಅದ್ರಲ್ಲೂ ರಾಂಗ್ ನಂಬರ್ರಾ?" ಎಂದು ಅವರು ನಕ್ಕರು. ಅವನೂ ನಕ್ಕ. ನಗು ಸಲೀಸಾಗಿ ಬಂತು. "ಸಾರ್, ಆ ಟ್ರೈನಿಂಗ್ ವಿಚಾರ," ಎಂದು ತಾನಾಗಿಯೇ ಎತ್ತಿದ.

"ನಿಮ್ಮಕ್ಕಂಗೆ ಹುಷಾರಿಲ್ಲ."

"ಹೌದು ಸಾರ್."

"ಗೊತ್ತು ಬುಡಿ."

ಅಲ್ಲಿಗೆ ಮುಗಿಯಿತು. ಭಾನುವಾರದಿಂದ ಹೆಗಲ ಮೇಲೆ ಕೂತಿದ್ದದ್ದು ಎದ್ದು ಹೋಯಿತು. ಅವನು ಕುರ್ಚಿಗೆ ಒರಗಿ ಕೂತ. ಮಂಡಿಯವರ ಕಿರುಚಾಟವೂ ಇಂಪಾಗಿತ್ತು. ಒಬ್ಬನಿಗೆ ಮೂರು ನಿಮಿಷದ ಮೇಲೆ ಇನ್ನೊಂದಷ್ಟು ಹೊತ್ತು ಸುಮ್ಮನೆ ಬಿಟ್ಟುಕೊಟ್ಟ. ತಾನು ಮಾಡಿದ್ದು ಅಕ್ಕನ ಒಳ್ಳೆಯದಕ್ಕೇ ಎಂದುಕೊಂಡ. ಪರರ ಮನೆಯಲ್ಲಿ ಅವಳ ಕೈಗೆ ಯಾರು ಕೈ ಕೊಡುತ್ತಾರೆ? ಈ ಪ್ರಶ್ನೆ ಅವನಿಗೆ ಬಹಳ ಹಿಡಿಸಿತು. ಸಂಜೆಯ ತನಕ ಅದನ್ನೇ ತಿರುಗಿಸಿ ತಿರುಗಿಸಿ ಕೇಳಿಕೊಂಡ. ಗಿರಿಜ ಪರರಲ್ಲ ಎಂಬುದು ಮಧ್ಯೆ ಒಂದು ಸಲ ತಲೆ ಹಾಕಿತು. ಆ ಹೊತ್ತಿಗೆ ಸರಿಯಾಗಿ ಕಾನ್ಪುರ ಸಿಕ್ಕಿತು.

ಡ್ಯೂಟಿ ಮುಗಿಸಿ ಬರುವಾಗ ಏಲಕ್ಕಿ ಬಾಳೆಹಣ್ಣು ಕೊಂಡ. ಸಂತೆಪೇಟೆಯ ಏರಿನಲ್ಲಿ ಸೈಕಲ್ಲಿನಿಂದ ಇಳಿಯದೆ ತುಳಿದ. ಬಹಳ ದಿನಗಳ ಮೇಲೆ ಸಿಳ್ಳೆ ಹಾಕುತ್ತಿದ್ದೇನೆಂದು ಮನೆಯ ಹತ್ತಿರ ಬಂದಾಗಲೇ ತಿಳಿದದ್ದು.

*

ಅಕ್ಕ ಹೊಸ ಸೀರೆ ಉಟ್ಟು ಗೋಡೆಗೆ ಒರಗಿ ಕೂತಿದ್ದಳು. ತಲೆ ಬಾಚಿತ್ತು. ಹಣೆಗೆ ವಿಭೂತಿ ಹೊಸದಾಗಿ ಹಚ್ಚಿಸಿಕೊಂಡಿದ್ದಳು. ಮಂಚದ ಕಾಲಿನ ಹತ್ತಿರ ಒಂದು ಗಂಟು. ಗಂಟಿನೊಳಗಿಂದ ಎಣ್ಣೆ ಶೀಷೆಯ ಕತ್ತು ಆಚೆ ನೋಡುತ್ತಿತ್ತು.

ರಂಗಕ್ಕ ಹೊರಡುವುದಕ್ಕೆ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು. "ನೋಡು ಸದಾಶಿವಣ್ಣ, ನಿಮ್ಮಕ್ಕನ ಕಾಟವ. ಬೆಳಿಗ್ಗೆಯಿಂದ ಗಂಟು ಕಟ್ಟು ಅಂತದೆ. ಕಟ್ಟಿದ್ರೆ ಬಿಚ್ಚು ಅಂತದೆ. ಬಿಚ್ಚಿದ್ರೆ ಮತ್ತೆ ಕಟ್ಟು ಅಂತದೆ. ನನ್ ಕೈಗೇ ವಾತ ಬತ್ತದೆ ಇನ್ನ."

"ನೀನೊಬ್ಬಳು ಸುಮ್ಕಿರು," ಎಂದಳು ಅಕ್ಕ.

ರಂಗಕ್ಕ ಹೋದಳು. ಅವನು ಬಾಳೆಹಣ್ಣನ್ನು ಗೂಡಿನಲ್ಲಿಟ್ಟ. ಸೀರೆಯನ್ನು ನೋಡದ ಹಾಗೆ ಓಡಾಡಿದ.

"ಗಿರಿಜ ಮಾಡಿದ್ಲಾ?"

"ಮಾಡಿದ್ಲು."

"ಏನಂದ್ಲು?"

ಅಷ್ಟು ಹೊತ್ತು ಇಲ್ಲದ ಮಾತು ಆಗ ಹುಟ್ಟಿತು. "ಸದ್ಯಕ್ಕೆ ಬೇಡ ಅಂದ್ಲು. ಅವರ ಮನೇಲಿ ಯಾರೋ ನೆಂಟ್ರು ಬಂದು ಕೂತವ್ರಂತೆ. ಕೋಣೆ ಬಿಟ್ಟು ಕೊಡಬೇಕಾಯ್ತಂತೆ. ಮುಂದಿನ ವರ್ಷ ನೋಡೋಣ ಅಂದ್ಲು."

ಅಕ್ಕ ಅವನನ್ನು ನೋಡಿದಳು. ಅವನು ಕಾದ. ಅವಳ ಮುಖ ಬಾಡಬಹುದು, ಕಣ್ಣಲ್ಲಿ ನೀರು ಬರಬಹುದು. ಅದಕ್ಕೆ ಬೇಕಾದ ಸಮಾಧಾನದ ಮಾತುಗಳನ್ನು ಅವನು ಆಗಲೇ ಜೋಡಿಸಿಕೊಂಡಿದ್ದ.

ಅವು ಬೇಕಾಗಲಿಲ್ಲ. ಅಕ್ಕ ದೊಡ್ಡದಾಗಿ ಉಸಿರು ಬಿಟ್ಟಳು. ಹೆಗಲುಗಳು ಇಳಿದವು.

"ಒಳ್ಳೇದೇ ಆಯ್ತು ಬುಡು. ಅವಳ ಊರಿನ ನೀರು ನಂಗೆ ಆಗಕಿಲ್ಲ."

"ಮತ್ತೆ ಗಂಟು ಕಟ್ಟಿಸಿದ್ದೆ?"

"ನೀನು ಕಳುಸ್ತೀಯೇನೋ ಅಂತ."

"ನಾನ್ಯಾಕೆ ಕಳಿಸ್ಲಿ?"

"ಅದೇ ಮತ್ತೆ," ಎಂದಳು ಅಕ್ಕ. "ನಾನೋಗ್ಬುಟ್ರೆ ನಿನ್ ಗತಿ ಏನು, ಬೆಳಿಗ್ಗೆ ಎದ್ದು ಏನ್ ಮಾಡ್ತೀಯ?"

ಅವಳು ತಮಾಷೆಗೆ ಕೇಳಿದ್ದು. ಅವನು ಬಾಳೆಹಣ್ಣು ಸುಲಿಯುತ್ತ ಆ ಕಡೆ ತಿರುಗಿದ.

ಆ ಸಂಜೆ ಮನೆಯಲ್ಲಿ ಹಬ್ಬದಂಥ ಒಂದು ಕಳೆ ಬಂತು. ಅವನು ಅವರೆಕಾಳು ಸಾರು ಮಾಡಿದ. ಅಕ್ಕ ಒಂದು ಮುದ್ದೆ ತಿಂದು ಇನ್ನರ್ಧ ಕೇಳಿದಳು. ತುತ್ತು ಇಡುವಾಗ ಅವನ ಬೆರಳು ಕಚ್ಚಿ, "ನೀನು ಮಗುವಾಗಿದ್ದಾಗ ಹಿಂಗೇ ಕಚ್ತಿದ್ದೆ ಕಣ್ಲಾ," ಎಂದು ನಕ್ಕಳು. ತಾನು ಗಂಡನನ್ನು ಕಳೆದುಕೊಂಡು ತವರಿಗೆ ಬಂದಾಗ ಅವನಿಗೆ ಇನ್ನೂ ಹಲ್ಲು ಬಂದಿರಲಿಲ್ಲವೆಂದೂ, ಅವನನ್ನು ಸೊಂಟದ ಮೇಲೆ ಹೊತ್ತುಕೊಂಡ ಮೇಲೆಯೇ ದುಃಖ ಮರೆತದ್ದೆಂದೂ ಹೇಳಿದಳು. ಎಷ್ಟೋ ಸಲ ಹೇಳಿದ ಕಥೆ. ಆವತ್ತು ಅದರಲ್ಲಿ ಏನೋ ತಟ್ಟಿದಂತಾಗಿ ಅವನು ಅವಳ ಮುಖ ನೋಡಿದ. ಅವಳು ಹಲ್ಲಿನ ಸಂದಿಯ ಅವರೆಕಾಳನ್ನು ನಾಲಿಗೆಯಿಂದ ತಡಕುತ್ತಿದ್ದಳು.

ಗಂಟು ಬಿಚ್ಚಿ ಸೀರೆಗಳನ್ನು ಪೆಟ್ಟಿಗೆಗೆ ಹಾಕಿದ. ಎಣ್ಣೆ ಶೀಷೆ ಅದರ ಜಾಗಕ್ಕೆ ಹೋಯಿತು. ಎಲ್ಲ ಮೊದಲಿನಂತಾಯಿತು.

"ಕಾಯಿ ನೋಡಿ ಬಾಳ ದಿವಸ ಆಯ್ತಲ್ಲೋ," ಎಂದಳು ಅಕ್ಕ. "ಒಂದು ಇಳುಸು."

ಹೊರಗೆ ಇನ್ನೂ ಬೆಳಕಿತ್ತು. ಏಣಿ ಇಟ್ಟು ಹತ್ತಿ ಅಂಚಿನದೊಂದು ಕಾಯಿ ತಂದ. ಒಣಗಿ ಹಗುರವಾಗಿತ್ತು. ಅವಳ ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದ.

ಲೊಟಕ್, ಎಂದಿತು.

ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಕೈಗೂ ತಿಳಿಯಿತು; ಒಳಗಿನ ಉಂಡೆ ಈ ಗೋಡೆಗೆ ಹೊಡೆದು ಆ ಗೋಡೆಗೆ ಹೊಡೆಯಿತು. ಇನ್ನೊಮ್ಮೆ ಅಲ್ಲಾಡಿಸಿದ. ಲೊಟಕ್.

ಅಕ್ಕ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೇಳಿದಳು. ಬೆಳಿಗ್ಗೆ ಪೂಜೆಯಲ್ಲಿ ಇರುತ್ತದಲ್ಲ, ಅಂಥ ಮುಖ.

"ಇನ್ನೂ ನೀರೈತೆ," ಎಂದಳು.

ಅವನು ಕೈಯಲ್ಲಿದ್ದ ಕಾಯಿಯನ್ನು ನೋಡಿದ.

"ಮ್ಯಾಲೇ ಇಡು. ಇಳಿಸದು ಬ್ಯಾಡ ಈಗ."

"ನೀರಿದೆಯಾ ಅಕ್ಕ?"

"ಐತೆ ಕಣಪ್ಪ. ನಿಂಗೆ ಕೇಳಿಸ್ನಿಲ್ವಾ?"

ಅವಳು ಕಣ್ಣು ತೆರೆದಿರಲಿಲ್ಲ. ಕಿವಿ ಮಂದವಾಗಿದೆಯೇ? ಈಗ ತಾನೇ ಬೀದಿಯಲ್ಲಿ ಹೋದ ಗಾಡಿಯ ಗೆಜ್ಜೆ ಕೇಳಿ ಯಾರ ಎತ್ತೆಂದು ಹೇಳಿದ್ದಳು.

"ಕೇಳಿಸ್ತು," ಎಂದ ಸದಾಶಿವಯ್ಯ. "ಇದೆ."

"ಹೂಂ. ಇರ್ಲಿ ಇನ್ನೊಂದಷ್ಟು ದಿವಸ."

ಕಾಯಿ ಹಿಡಿದು ಮತ್ತೆ ಏಣಿ ಹತ್ತಿದ. ಮೇಲೆ ಮಬ್ಬು. ಹೆಂಚಿನ ಸಂದಿಯಿಂದ ಬಂದ ಬೆಳಕಿನ ಗೀರು ಕಾಯಿಗಳ ಮೇಲೆ ಬಿದ್ದಿತ್ತು. ಕೈಯಲ್ಲಿದ್ದುದನ್ನು ಅದರ ಜಾಗದಲ್ಲಿಟ್ಟ. ಪಕ್ಕದ್ದನ್ನು ತೆಗೆದು ಕಿವಿಗೆ ಹಿಡಿದ. ಲೊಟಕ್. ಅದರ ಹಿಂದಿನದನ್ನು ತೆಗೆದ. ಅದೂ ಅಷ್ಟೇ. ಅಟ್ಟದ ಮೇಲಕ್ಕೇ ಹತ್ತಿ, ಬಗ್ಗಿಕೊಂಡು ಒಳಗೊಳಗಿನವನ್ನು ತೆಗೆದು ನೋಡಿದ. ಕೊಬ್ಬರಿ ಎಂದೋ ಚಿಪ್ಪು ಬಿಟ್ಟಿತ್ತು. ಒಂದೊಂದರ ಮೂತಿಯಲ್ಲಿ ಆಗಲೇ ಸಣ್ಣಗೆ ಕಮಟು ವಾಸನೆ.

ಹಿಂದಕ್ಕೆ ತಿರುಗಲು ಕಾಲು ಎತ್ತಿ ಇಟ್ಟ. ದಬ್ಬೆ ಕುಲುಕಿತು. ಅಟ್ಟದ ಕಾಯಿಗಳೆಲ್ಲ ಒಮ್ಮೆಗೇ ಒಳಗಿನಿಂದ ಬಡಿದುಕೊಂಡವು. ಒಂದೊಂದು ಮನೆಯೊಳಗೆ ಒಬ್ಬೊಬ್ಬರು ಸಿಕ್ಕಿಕೊಂಡು ಬಾಗಿಲು ತಟ್ಟಿದ ಹಾಗಿತ್ತು ಆ ಸದ್ದು.

ಅವನು ಅಲ್ಲಾಡದೆ ನಿಂತ. ಸದ್ದು ನಿಂತಿತು.

"ಏನ್ಲಾ ಅದು?" ಎಂದಳು ಅಕ್ಕ ಕೆಳಗಿನಿಂದ.

"ಏನಿಲ್ಲ. ಇಲಿ."

"ಇಳಿ ಮತ್ತೆ, ಕತ್ತಲಾಯ್ತು."

"ಬಂದೆ," ಎಂದ.

ಏಣಿಗೆ ಎರಡೇ ಹೆಜ್ಜೆ. ಸೂರಿನ ಕೆಳಗೆ ಬಗ್ಗಿಕೊಂಡು, ಎಡಗೈಯಲ್ಲಿ ತೊಲೆ ಹಿಡಿದು, ಉಸಿರು ಬಿಗಿಹಿಡಿದು ಸದಾಶಿವಯ್ಯ ನಿಂತೇ ಇದ್ದ. ಎತ್ತಿದರೆ ಮತ್ತೆ ಸದ್ದಾಗುತ್ತಿತ್ತು; ಕಾಲು ಎತ್ತಲಿಲ್ಲ. ಕೆಳಗೆ ಅಕ್ಕನ ಮಂಚವೂ ಸದ್ದು ಮಾಡಲಿಲ್ಲ.